ಇಇಜಿ ಪರೀಕ್ಷೆಗೆ ಬರುವವರಿಗೆ

ತಲೆಗೆ ಮೊದಲ ತಂತಿ ಅಂಟಿಸುವ ಮುನ್ನವೇ ಬಹುತೇಕ ರೋಗಿಗಳು ನನ್ನನ್ನು ಕೇಳುವ ಪ್ರಶ್ನೆ, "ಕರೆಂಟ್ ಕೊಡುತ್ತೀರಾ?" ಎಂಬುದು. ಇಲ್ಲ. ಇಇಜಿ ಎಂದರೆ ಮಿದುಳಿನ ವಿದ್ಯುತ್ ಅಲೆಗಳ ದಾಖಲೆ, ಅದರ ಯಂತ್ರದಿಂದ ಮಿದುಳಿಗೆ ಏನೂ ಹೋಗುವುದಿಲ್ಲ. ನರಕೋಶಗಳು ತಾವಾಗಿ ಹೊಮ್ಮಿಸುವ, ಮೈಕ್ರೋವೋಲ್ಟ್‌ಗಳಲ್ಲಿ ಅಳೆಯಬೇಕಾದಷ್ಟು ಕ್ಷೀಣವಾದ ವಿದ್ಯುತ್ತನ್ನು ನೆತ್ತಿಯ ಚರ್ಮದ ಮೇಲಿಂದ ದಾಖಲಿಸಿಕೊಳ್ಳುವುದಷ್ಟೇ ತಂತ್ರಜ್ಞೆಯಾದ ನನ್ನ ಕೆಲಸ.

ಸಂಕೇತ ಅಷ್ಟು ಕ್ಷೀಣವಾಗಿರುವುದರಿಂದಲೇ ತಲೆಯನ್ನು ಶಾಂಪೂವಿನಿಂದ ತೊಳೆದು, ಎಣ್ಣೆ, ಕಂಡಿಷನರ್ ಯಾವುದನ್ನೂ ಹಚ್ಚದೆ ಬನ್ನಿ ಎಂದು ಕೇಳಿಕೊಳ್ಳುತ್ತೇವೆ. ನಾನು ಟೇಪಿನಿಂದ ತಲೆಯನ್ನು ಅಳೆದು, ಗುರುತು ಹಾಕಿ, ಆ ಜಾಗಗಳನ್ನು ಉಜ್ಜಿ, ಸಾಮಾನ್ಯವಾಗಿ 21 ಎಲೆಕ್ಟ್ರೋಡ್‌ಗಳನ್ನು (ತಂತಿಯ ತುದಿಯ ಪುಟ್ಟ ಲೋಹದ ಬಿಲ್ಲೆಗಳನ್ನು) ಪೇಸ್ಟಿನಿಂದ ಕೂರಿಸುತ್ತೇನೆ, ಕೂದಲನ್ನು ಕತ್ತರಿಸುವುದಿಲ್ಲ. ಮೊದಮೊದಲು "ಅಲುಗಾಡಬೇಡಿ" ಎಂದಷ್ಟೇ ಹೇಳುತ್ತಿದ್ದೆ. ಹಾಗೆ ಹೇಳಿದಾಗಲೆಲ್ಲ ರೋಗಿಗಳು ಹಲ್ಲು ಬಿಗಿಹಿಡಿಯುತ್ತಿದ್ದರು, ದವಡೆಯ ಸ್ನಾಯುಗಳ ಸಂಕೇತವು ಮಿದುಳಿನ ಅಲೆಗಳನ್ನು ಪೂರ್ತಿ ಮುಚ್ಚಿಬಿಡುತ್ತಿತ್ತು. ಈಗ "ತುಟಿಗಳನ್ನು ತುಸು ತೆರೆದು, ದವಡೆಯನ್ನು ಸಡಿಲ ಬಿಡಿ" ಎನ್ನುತ್ತೇನೆ. ದಾಖಲೆ ಕೂಡಲೇ ತಿಳಿಯಾಗುತ್ತದೆ.

ಮೂರ್ಛೆರೋಗದ ಮಾತ್ರೆಗಳನ್ನು ವೈದ್ಯರು ಹೇಳದ ಹೊರತು ನಿಲ್ಲಿಸಲೇಬಾರದು. ಪರೀಕ್ಷೆಯಲ್ಲಿ ಏನಾದರೂ ಕಾಣಲಿ ಎಂದು ತಾವೇ ಮಾತ್ರೆ ಬಿಟ್ಟು ಬಂದವರನ್ನು ಕಂಡಾಗ ನನಗೆ ನಿಜಕ್ಕೂ ಭಯವಾಗುತ್ತದೆ, ಏಕೆಂದರೆ ಹಠಾತ್ತನೆ ನಿಲ್ಲಿಸಿದರೆ ಬಿಡುವಿಲ್ಲದೆ ಫಿಟ್ಸ್ ಬರುವ ಅಪಾಯವಿದೆ. ಉಪವಾಸವೂ ಬೇಡ, ರಕ್ತದ ಸಕ್ಕರೆ ಇಳಿದರೆ ಅಲೆಗಳೇ ಬದಲಾಗುತ್ತವೆ. ನಿದ್ದೆಗೆಟ್ಟು ಬರಲು ಹೇಳಿದ್ದರೆ ಮಾತ್ರ ನಿದ್ದೆಗೆಡಿ, ಆ ದಿನ ವಾಹನ ಓಡಿಸಬೇಡಿ.

ಸಾಮಾನ್ಯ ದಾಖಲಾತಿ 20ರಿಂದ 30 ನಿಮಿಷ ನಡೆಯುತ್ತದೆ. ನಡುವೆ ಸುಮಾರು 3 ನಿಮಿಷ ಆಳವಾಗಿ, ವೇಗವಾಗಿ ಉಸಿರಾಡಿಸುತ್ತೇನೆ. ಆಗ ಬೆರಳು ಜುಮ್ಮೆನ್ನುವುದು, ತಲೆ ಹಗುರವಾಗುವುದು ಸಹಜ. ಇತ್ತೀಚೆಗೆ ಪಾರ್ಶ್ವವಾಯು ಆಗಿದ್ದರೆ, ಹೃದಯದ ಅಥವಾ ಉಸಿರಾಟದ ತೀವ್ರ ತೊಂದರೆಯಿದ್ದರೆ ಮೊದಲೇ ತಿಳಿಸಿ, ಆ ಹಂತವನ್ನು ಬಿಡುತ್ತೇವೆ. ಆಮೇಲೆ ಮಿನುಗುವ ಬೆಳಕು. ಇವು ಅಪರೂಪಕ್ಕೆ ಫಿಟ್ಸನ್ನು ಪ್ರಚೋದಿಸಬಹುದಾದ್ದರಿಂದ ನಾನು ಪಕ್ಕದಿಂದ ಕದಲುವುದಿಲ್ಲ.

ವರದಿ 'ಸಹಜ' ಎಂದು ಬಂದರೆ ಕಾಯಿಲೆಯೇ ಇಲ್ಲವೆಂದು ತಿಳಿಯಬೇಡಿ. ಮೂರ್ಛೆರೋಗ ಇರುವವರಲ್ಲೂ ಮೊದಲ ಇಇಜಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಏನನ್ನೂ ತೋರಿಸದಿರಬಹುದು. ಹಾಗಾಗಿ ಫಿಟ್ಸ್ ಬಂದಾಗ ಮನೆಯವರು ಮೊಬೈಲಿನಲ್ಲಿ ತೆಗೆದ ವಿಡಿಯೋ ಇದ್ದರೆ ತಪ್ಪದೆ ತನ್ನಿ. ನಮ್ಮ ಅರ್ಧ ಗಂಟೆಯಲ್ಲಿ ಕಾಣದ್ದು ವೈದ್ಯರಿಗೆ ಅದರಲ್ಲಿ ಕಂಡೀತು.