ವೀಸಾ ಮುಗಿದ್ಮೇಲೂ ಅಮೆರಿಕಾದಲ್ಲೇ ಉಳ್ಕೊಂಡೋರಿಗೆ ಮದುವೆ ಮೇಲೆ ಗ್ರೀನ್ ಕಾರ್ಡ್: ತುಮಕೂರಿಂದ ಏನೇನ್ ಹೊಂದಿಸ್ಬೇಕು

ನಮ್ ಚಿಕ್ಕಪ್ಪನ ಮಗ ಟೂರಿಸ್ಟ್ ವೀಸಾದಲ್ಲಿ ಹೋದೋನು ವಾಪಸ್ ಬರ್ಲೇ ಇಲ್ಲ, ನ್ಯೂಜೆರ್ಸೀಲಿ ಆರು ವರ್ಷ ಪೇಪರ್ ಇಲ್ದೆ ದುಡ್ಕೊಂಡಿದ್ದು ಕೊನೆಗೆ ಅಲ್ಲಿನ ಸಿಟಿಜನ್ ಹುಡುಗೀನೇ ಮದುವೆ ಆದ, ಅವನ ಕಾಗದಕ್ಕೆ ಇಲ್ಲಿ ಚಪ್ಪಲಿ ಸವೆಸಿದ್ದು ನಾನು.

ಮೊದಲು ನೋಡೋದು ಒಳಗೆ ಹೆಂಗೆ ಹೋದ್ರಿ ಅಂತ. ವೀಸಾ ತೋರ್ಸಿ ಏರ್‌ಪೋರ್ಟಲ್ಲಿ ಎಂಟ್ರಿ ಆಗಿದ್ರೆ, ಆಮೇಲೆ ಅವಧಿ ಮೀರಿದ್ದು, ಪರ್ಮಿಟ್ ಇಲ್ದೆ ಕೆಲಸ ಮಾಡಿದ್ದು, ಇವೆರಡೂ ಸಿಟಿಜನ್ ಸಂಗಾತಿ ಇರೋರಿಗೆ ಸಾಮಾನ್ಯವಾಗಿ ಅಡ್ಡ ಬರಲ್ಲ. ಐ-130 (ಸಂಗಾತಿ ಹಾಕೋ ಸಂಬಂಧದ ಅರ್ಜಿ), ಐ-485 (ಅಲ್ಲೇ ಇದ್ದು ಗ್ರೀನ್ ಕಾರ್ಡ್ ಕೇಳೋ ಅರ್ಜಿ) ಎರಡೂ ಒಟ್ಟಿಗೆ ಹಾಕ್ಬಹುದು, ಎಂಟ್ರಿಗೆ ಪ್ರೂಫು ಐ-94, ಅಂದ್ರೆ ಒಳಗೆ ಬಂದ ದಾಖಲೆ. ಸಂಗಾತಿ ಬರೀ ಗ್ರೀನ್ ಕಾರ್ಡ್ ಹೋಲ್ಡರ್ ಆಗಿದ್ರೆ ಈ ಮಾಫಿ ಇಲ್ಲ, ಅವರು ಸಿಟಿಜನ್ ಆಗೋವರ್ಗೂ ಕಾಯೋದೇ.

ಗಡಿ ಹಾರಿ ಹೋಗಿದ್ರೆ ಕಥೆನೇ ಬೇರೆ. ಮದುವೆ ಆದ್ರೂ ಅಲ್ಲೇ ಕೂತು ಕಾರ್ಡ್ ಆಗೋದು ಕಷ್ಟ, ಹೊರಗೆ ಬಂದು ಮುಂಬೈ ಕಾನ್ಸುಲೇಟಲ್ಲಿ ಇಂಟರ್ವ್ಯೂ ಕೊಡ್ಬೇಕು, ಆದ್ರೆ 180 ದಿನ ಮೀರಿ ಕಾನೂನಿಲ್ದೆ ಇದ್ದೋರು ಹೊರಗೆ ಕಾಲಿಟ್ರೆ 3 ವರ್ಷ, ಒಂದ್ ವರ್ಷ ದಾಟಿದ್ರೆ 10 ವರ್ಷ ಬ್ಯಾನ್. ಅದಕ್ಕೇ ಐ-601ಎ ವೇವರ್ (ಆ ಬ್ಯಾನಿಂದ ಮುಂಚೇನೇ ತಗೊಳೋ ವಿನಾಯ್ತಿ) ಕೈಗೆ ಬರೋವರ್ಗೂ ಅಲ್ಲಿಂದ ಅಲ್ಲಾಡ್ಬೇಡಿ. ಇಂಥೋರು, ಮತ್ತೆ ಡಿಪೋರ್ಟ್ ಆರ್ಡರ್ ಆಗಿರೋರು ಫಾರಂ ಮುಟ್ಟೋಕ್ ಮುಂಚೆ ಇಮಿಗ್ರೇಷನ್ ಲಾಯರ್ ಹತ್ರ ಹೋಗಿ, ಏಜೆಂಟ್ ಹತ್ರ ಅಲ್ಲ. ಅರ್ಜಿ ಹಾಕಿದ ಮಾತ್ರಕ್ಕೆ ಯಾರೂ ಹಿಡಿಯಲ್ಲ ಅಂತಾನೂ ಅಂದ್ಕೋಬೇಡಿ.

ಈಗ ಊರಿನ ಕೆಲಸ, ಮೊದಲು ಅರ್ಜಿ ಜೊತೆ ಇಡೋ ಜನನ ಪ್ರಮಾಣಪತ್ರ. ನಮ್ಮವನು ಹುಟ್ಟಿದ್ದು ಗುಬ್ಬಿ ಕಡೆ ಹಳ್ಳೀಲಿ, ಮನೇಲೇ ಹೆರಿಗೆ. ತಾಲೂಕು ಕೇಂದ್ರದ ಒಂದು ಆಫೀಸಲ್ಲಿ ಹಳೇ ರಿಜಿಸ್ಟರ್ ತೆಗೆಸೋಕೇ ಮೂರು ಸಲ ಹೋದೆ, ಕೊನೆಗೆ ಸಿಕ್ತು, ತಾಯಿ ಹೆಸರು ಸರಿ, ತಾರೀಕು ಸರಿ, ಮಗೂ ಹೆಸರಿನ ಜಾಗದಲ್ಲಿ ಒಂದು ಗೀಟು ಅಷ್ಟೇ! ನಾಮಕರಣಕ್ಕೆ ಮುಂಚೆ ಬರ್ಸಿದ್ದಂತೆ. ಹೆಸರು ಸೇರಿಸೋಕೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಜೊತೆ ಇನ್ನೊಂದು ಅರ್ಜಿ. ರಿಜಿಸ್ಟರಲ್ಲೇ ಇಲ್ಲ ಅಂದ್ರೆ ಸಿಗಲ್ಲ ಅಂತ ನಾನ್ ಅವೈಲಬಿಲಿಟಿ ಸರ್ಟಿಫಿಕೇಟ್ ತಗೊಂಡು, ಶಾಲೆ ದಾಖಲೆ ಜೊತೆ ಅಪ್ಪ ಅಮ್ಮ ಅಥವಾ ಹತ್ರದ ಸಂಬಂಧಿಕರ ಅಫಿಡವಿಟ್ ಇಡ್ಬೇಕು. ಕನ್ನಡದಲ್ಲಿರೋದಕ್ಕೆಲ್ಲ ಇಂಗ್ಲಿಷ್ ಅನುವಾದ ಬೇಕು, ಅನುವಾದ ಮಾಡಿದೋರು ತಮಗೆ ಎರಡೂ ಭಾಷೆ ಬರುತ್ತೆ, ಇದು ಸರಿಯಾಗಿದೆ ಅಂತ ಬರೆದು ಸೈನ್ ಹಾಕ್ಬೇಕು.

ಇನಿಷಿಯಲ್ ಕಾಟ ಇನ್ನೊಂದು. ಪಾಸ್‌ಪೋರ್ಟಲ್ಲಿ ಸರ್‌ನೇಮ್ ಇಲ್ದೆ ಹೋಗಿದ್ದಕ್ಕೆ ಅಮೆರಿಕಾದೋರ ರೆಕಾರ್ಡಲ್ಲಿ ಇವನ ಹೆಸರೇ ಸರ್‌ನೇಮ್ ಆಗಿ ಮುಂದೆ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್, ಮೊದಲ ಹೆಸರು ಗೊತ್ತಿಲ್ಲ) ಅಂತ ಬಿದ್ದಿತ್ತು, ಚಿಕ್ಕಮ್ಮ ಯಾರೋ ಅದು ಎಫ್‌ಎನ್‌ಯು ಅಂತ ಕೇಳಿದ್ರು. ಎಲ್ಲಾ ಹೆಸರೂ ಒಬ್ಬನದೇ ಅಂತ ಅಫಿಡವಿಟ್ ಮಾಡ್ಸಿಟ್ವಿ.

ಊರಲ್ಲಿ ಮೊದಲೇ ಮದುವೆ ಆಗಿ ಬಿಟ್ಟಿದ್ರೆ ಪಂಚಾಯ್ತಿಲಿ ಕೂತು ಸ್ಟಾಂಪ್ ಪೇಪರಲ್ಲಿ ಬರ್ಸಿದ ಬಿಡುಗಡೆ ಪತ್ರ ನಂಬ್ಕೊಂಡು ಹೋಗ್ಬೇಡಿ, ಕೋರ್ಟ್ ಡಿಕ್ರಿ ಇರ್ಲಿ. ಹಳೇ ಮದುವೆ ಜೀವಂತ ಇದ್ರೆ ಹೊಸ ಮದುವೆಗೆ ಬೆಲೆನೇ ಇಲ್ಲ.

ಅಲ್ಲಿ ಅವರು ಮಾಡೋದು: ಹೆಂಡ್ತಿ ಕಡೆಯಿಂದ ಐ-864 (ಖರ್ಚಿಗೆ ನಾನ್ ಹೊಣೆ ಅನ್ನೋ ಪತ್ರ), ಅವರ ಆದಾಯ ಬಡತನ ರೇಖೆಯ 125% ಇರ್ಬೇಕು, ಸಾಲ್ದಿದ್ರೆ ಜಾಯಿಂಟ್ ಸ್ಪಾನ್ಸರ್. ಐ-693 ಮೆಡಿಕಲ್ ಟೆಸ್ಟ್ ಫಾರಂ ಐ-485 ಜೊತೇಲೇ ಹೋಗ್ಬೇಕು. ಬಾಡಿಗೆ ಕರಾರು, ಬ್ಯಾಂಕ್ ಅಕೌಂಟು ಇಬ್ರ ಹೆಸರಲ್ಲೂ ಇರ್ಲಿ, ಅನುಮಾನ ಬಂದ್ರೆ ಗಂಡ ಹೆಂಡ್ತಿನ ಬೇರೆ ಬೇರೆ ಕೂರ್ಸಿ ಒಂದೇ ಪ್ರಶ್ನೆ ಕೇಳ್ತಾರೆ. ದುಡ್ಡು ಕೊಟ್ಟು ಪೇಪರ್ ಮದುವೆ ಮಾಡ್ಕೊಳೋ ಐಡಿಯಾ ಯಾರಾದ್ರೂ ಕೊಟ್ರೆ ಓಡಿ, 5 ವರ್ಷದವರೆಗೆ ಜೈಲು, 2,50,000 ಡಾಲರ್‌ವರೆಗೆ ದಂಡ, ಆಮೇಲೆ ನಿಜವಾಗಿ ಮದುವೆ ಆದ್ರೂ ಆ ಬಾಗ್ಲು ಮುಚ್ಚಿರುತ್ತೆ.

ಅರ್ಜಿ ನಡೀತಿರುವಾಗ ಮನೆಯೋರು ತಿಥಿಗೆ ಬಾ, ಗೃಹಪ್ರವೇಶಕ್ಕೆ ಬಾ ಅಂತ ಕರೀಬೇಡಿ. ಅಡ್ವಾನ್ಸ್ ಪೆರೋಲ್ (ಹೊರಗೆ ಹೋಗಿ ವಾಪಸ್ ಬರೋಕೆ ಮುಂಚೇನೇ ತಗೊಳೋ ಅನುಮತಿ) ಇಲ್ದೆ ಹೊರಟ್ರೆ ಐ-485 ಬಿಟ್ಟುಕೊಟ್ಟ ಹಾಗೆ. ಕಾರ್ಡ್ ಕೊಡೋ ದಿನಕ್ಕೆ ಮದುವೆ ಆಗಿ 2 ವರ್ಷ ಆಗಿಲ್ಲ ಅಂದ್ರೆ ಬರೋದು 2 ವರ್ಷದ ಕಾರ್ಡು, ಅದು ಮುಗಿಯೋಕೆ ಮುಂಚಿನ 90 ದಿನದಲ್ಲಿ ಇಬ್ರೂ ಸೇರಿ ಐ-751 (2 ವರ್ಷದ ಷರತ್ತು ತೆಗೆಸೋ ಅರ್ಜಿ) ಹಾಕ್ಬೇಕು, ನಮ್ಮವನದು ಇನ್ನೂ ಆ ಹಂತಕ್ಕೆ ಬಂದಿಲ್ಲ.