ಕಿಟಕಿ ಗಾಜಿಗೆ ಹಕ್ಕಿ ಬಡಿಯದಂತೆ ನಾನು ಮಾಡಿಕೊಂಡದ್ದು

2023ರ ಅಕ್ಟೋಬರ್‌ನಲ್ಲಿ ಶಿಕಾಗೋದ ಮೆಕ್‌ಕಾರ್ಮಿಕ್ ಪ್ಲೇಸ್ ಕಟ್ಟಡದ ಗಾಜಿಗೆ ಬಡಿದು ಒಂದೇ ರಾತ್ರಿ ಸಾವಿರದ ಹತ್ತಿರ ವಲಸೆ ಹಕ್ಕಿಗಳು ಸತ್ತವು. ಮರುವರ್ಷ ಅಲ್ಲಿನ ಗಾಜಿಗೆ ಚುಕ್ಕಿ ಫಿಲ್ಮ್, ಅಂದರೆ ಸಣ್ಣ ಚುಕ್ಕಿಗಳ ತೆಳು ಹಾಳೆ, ಅಂಟಿಸಿದರು. ಸಾವು ಸುಮಾರು ಶೇ 95ರಷ್ಟು ಇಳಿಯಿತು. ನಾನು ಮನೆಯ ಕಿಟಕಿಗಳಿಗೆ ಮಾಡಿಕೊಂಡದ್ದೂ ಅದನ್ನೇ.

ಮೊದಲು ಗಾಜನ್ನು ಹೊರಗೆ ನಿಂತು ಬೇರೆ ಬೇರೆ ಹೊತ್ತಿನಲ್ಲಿ ನೋಡಬೇಕು. ಮರ, ಆಕಾಶ ಎಲ್ಲಿ ಸ್ಪಷ್ಟವಾಗಿ ಪ್ರತಿಫಲಿಸುತ್ತದೋ ಆ ಗಾಜಿಗೆ ಮೊದಲ ಸರದಿ. ಎದುರುಬದುರು ಕಿಟಕಿಗಳಿದ್ದು ಆಚೆಯ ಹಸಿರು ಕಾಣುವ ಕೋಣೆಯೂ ಅಷ್ಟೇ ಅಪಾಯ.

ಚುಕ್ಕಿ ಗಾಜಿನ ಹೊರಮೈಗೇ ಬೇಕು. ಒಳಗೆ ಅಂಟಿಸಿದರೆ ಪ್ರತಿಬಿಂಬ ಅದನ್ನು ಮುಚ್ಚಿಬಿಡುತ್ತದೆ. ಅಡ್ಡಕ್ಕೂ ಉದ್ದಕ್ಕೂ 5 ಸೆಂ.ಮೀ.ಗೆ ಒಂದರಂತೆ, ಕನಿಷ್ಠ 6 ಮಿ.ಮೀ. ಅಗಲದ್ದು. ಅಂದರೆ ಒಂದು ಮೀಟರ್ ಅಗಲ, 1.2 ಮೀಟರ್ ಎತ್ತರದ ಗಾಜಿಗೆ 480ರ ಸುಮಾರು. ಅಂತರ ಇದಕ್ಕಿಂತ ಹೆಚ್ಚಾದರೆ ಸಣ್ಣ ಹಕ್ಕಿಗಳು ನಡುವೆ ನುಸುಳಬಹುದೆಂದುಕೊಂಡು ನುಗ್ಗುತ್ತವೆ. ಗಿಡುಗನ ಆಕಾರದ ಒಂದೆರಡು ಸ್ಟಿಕರ್ ಸೋಲುವುದೂ ಇದಕ್ಕೇ: ಹಕ್ಕಿ ಅದಕ್ಕೆ ಹೆದರುವುದಿಲ್ಲ, ಪಕ್ಕದ ಖಾಲಿ ಜಾಗಕ್ಕೆ ಹಾರುತ್ತದೆ. ಆದರೂ ಅಂಗಡಿಗಳಲ್ಲಿ ಹೆಚ್ಚು ಸಿಗುವುದು ಅದೇ!

ಸಾಬೂನು ನೀರಿನಿಂದ ಗಾಜು ತೊಳೆದು, ಒರೆಸಿ, ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಇನ್ನೊಮ್ಮೆ ಒರೆಸಿದೆ. ಎಣ್ಣೆ ಪಸೆ ಉಳಿದರೆ ಅಂಚಿನ ಚುಕ್ಕಿಗಳು ಮೊದಲು ಏಳುತ್ತವೆ. ಬಿಸಿಲು ನೇರ ಬೀಳುವ ಹೊತ್ತು ಬೇಡ. ಚುಕ್ಕಿಗಳು ಸಾಲಾಗಿ ಅಂಟಿರುವ ಟೇಪನ್ನು ಮೇಲಿನಿಂದ ಕೆಳಕ್ಕೆ ಅಂಟಿಸಿ, ಪ್ಲಾಸ್ಟಿಕ್ ಕಾರ್ಡಿನಿಂದ ಒತ್ತಿ ಉಜ್ಜಿ, ಮೇಲಿನ ಹಾಳೆಯನ್ನು ಗಾಜಿಗೆ ತಾಗಿದಂತೆಯೇ ಹಿಂದಕ್ಕೆ ಮಡಚಿ ನಿಧಾನ ಎಳೆಯಬೇಕು. ನೇರ ಮುಂದಕ್ಕೆ ಎಳೆದರೆ ಚುಕ್ಕಿಯೂ ಜೊತೆಗೇ ಬರುತ್ತದೆ. ಪ್ರತಿ ಪಟ್ಟಿಗೂ ಅಳತೆಪಟ್ಟಿ ಹಿಡಿಯಿರಿ. ಮೊದಲ ಸಾಲು ಓರೆಯಾದರೆ ಕೊನೆಯವರೆಗೂ ಓರೆ.

ಬಾಡಿಗೆ ಮನೆಯಾದರೆ ಕಿಟಕಿಯ ಹೊರಗೆ ಸುಮಾರು 10 ಸೆಂ.ಮೀ.ಗೆ ಒಂದರಂತೆ ತೆಳು ಹಗ್ಗ ಇಳಿಬಿಡಬಹುದು, ಇಲ್ಲವೇ ಹೊರಗಡೆ ಸೊಳ್ಳೆಪರದೆ ಬಿಗಿಯಬಹುದು. ಪರದೆಗೆ ನನ್ನ ಮತ ಹೆಚ್ಚು, ಬಡಿದರೂ ಪೆಟ್ಟು ಮೆತ್ತಗಾಗುತ್ತದೆ. ಕಾಳಿನ ತಟ್ಟೆ ಗಾಜಿನಿಂದ ಒಂದು ಮೀಟರಿನೊಳಗಿರಲಿ, ಅಷ್ಟು ಹತ್ತಿರದಿಂದ ಹಾರಿದ ಹಕ್ಕಿಗೆ ವೇಗ ಇರುವುದಿಲ್ಲ.

ಗಾಜನ್ನು ಕುಕ್ಕುತ್ತಲೇ ಇರುವ ಹಕ್ಕಿಯ ಕಥೆ ಬೇರೆ. ಅದು ತನ್ನ ಬಿಂಬವನ್ನೇ ಎದುರಾಳಿಯೆಂದು ತಿಳಿದು ಕಾದಾಡುತ್ತಿರುತ್ತದೆ. ಅದಕ್ಕೆ ಚುಕ್ಕಿ ಸಾಲದು. ಗೂಡು ಕಟ್ಟುವ ಕಾಲ ಮುಗಿಯುವವರೆಗೆ ಹೊರಗಡೆ ಕಾಗದ ಅಂಟಿಸಿ.

ಬಡಿದು ಬಿದ್ದ ಹಕ್ಕಿಯನ್ನು ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ, ಬಟ್ಟೆ ಹಾಸಿ, ಮುಚ್ಚಿ, ಸದ್ದಿಲ್ಲದ ಕಡೆ ಇಡಿ. ಕೊಕ್ಕಿಗೆ ನೀರು ಬಿಡಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ಅರ್ಧ ಗಂಟೆಗೊಮ್ಮೆ ಪೆಟ್ಟಿಗೆಯನ್ನು ಹೊರಗೆ ಒಯ್ದು ಮುಚ್ಚಳ ತೆರೆದು ನೋಡಿ. ಎರಡು ಗಂಟೆ ಕಳೆದರೂ ಹಾರದಿದ್ದರೆ, ರೆಕ್ಕೆ ಜೋತಿದ್ದರೆ, ವನ್ಯಜೀವಿ ಚಿಕಿತ್ಸಕರಿಗೆ ಒಪ್ಪಿಸಿ.