ಜಾತ್ರೆಯಲ್ಲಿ ಮ್ಯಾಕ್‌ಬೆತ್ ಆಡಿಸಿದೆ: ನನ್ನ ಅನುಭವ

ಶೇಕ್ಸ್‌ಪಿಯರನ ಮ್ಯಾಕ್‌ಬೆತ್ ಜಾತ್ರೆಗೆ ಆಗೋ ನಾಟಕ ಅಲ್ಲ ಅಂತ ನನಗೆ ಬುದ್ಧಿ ಹೇಳಿದವರು ಬಹಳ ಮಂದಿ. ಲಕ್ಷ್ಮೇಶ್ವರ, ಸವಣೂರು, ಶಿಗ್ಗಾಂವಿ ಕಡೆ ತಾಲೀಮು ಕೊಡುವ ನಮ್ಮಂಥ ಮಾಸ್ತರರೇ ನಕ್ಕಿದ್ದರು. "ಮಂದಿ ಅಣ್ಣ-ತಮ್ಮ, ಅತ್ತಿ-ಸೊಸಿ ನಾಟಕ ಬಿಟ್ಟು ಇದನ್ಯಾಕ ನೋಡ್ತಾರ್ರೀ ಮಾಸ್ತರ?" ಈ ಸಲದ ಜಾತ್ರೆಯಲ್ಲಿ ರಾತ್ರಿ ಹತ್ತೂವರೆ ಸುಮಾರಿಗೆ ಪರದೆ ಎತ್ತಿದೆವು. ಮುಗಿದಾಗ ಎರಡರ ಹತ್ತಿರ. ಕೂತವರು ಕೂತೇ ಇದ್ದರು. ಈಗ ನಕ್ಕ ಮಾಸ್ತರರೇ ಫೋನ್ ಮಾಡಿ ಹೇಗೆ ಆಡಿಸಿದಿರಿ ಅಂತ ಕೇಳುತ್ತಿದ್ದಾರೆ, ಅದಕ್ಕೇ ಬರೆದೆ. ಕತೆ ನಿಮಗೆ ಗೊತ್ತು: ಸ್ಕಾಟ್ಲೆಂಡಿನ ಸರದಾರ ಮ್ಯಾಕ್‌ಬೆತ್ ಮಾಟಗಾತಿಯರ ಭವಿಷ್ಯ ಕೇಳಿ, ಹೆಂಡತಿಯ ಒತ್ತಾಸೆಯಿಂದ ರಾಜ ಡಂಕನ್‌ನನ್ನು ಕೊಂದು ಪಟ್ಟ ಏರುತ್ತಾನೆ, ಅದನ್ನು ಉಳಿಸಿಕೊಳ್ಳಲು ಕೊಲೆ ಮೇಲೆ ಕೊಲೆ ಮಾಡಿಸಿ ಕೊನೆಗೆ ತಾನೂ ಸಾಯುತ್ತಾನೆ. ತಾಲೀಮು ಹೇಗೆ ಅಂತಲೂ ಗೊತ್ತು. ಎಲ್ಲಿ ಕೆಟ್ಟಿತು, ಎಲ್ಲಿ ಕೂಡಿತು, ರೊಕ್ಕ ಎಷ್ಟು ಹೋಯಿತು, ಅಷ್ಟು ಹೇಳುತ್ತೇನೆ.

ಈ ಮ್ಯಾಕ್‌ಬೆತ್ ಕನ್ನಡಕ್ಕೆ ಹೊಸಬನೇನಲ್ಲ. ಶ್ರೀಕಂಠೇಶಗೌಡರು 'ಪ್ರತಾಪರುದ್ರದೇವ' ಅಂತ ಇವನನ್ನು ನಮ್ಮ ರಾಜನಾಗಿ ಮಾಡಿದ್ದು ಹತ್ತೊಂಬತ್ತನೇ ಶತಮಾನದಲ್ಲೇ. ಡಿ.ವಿ.ಜಿ. ಅನುವಾದವೂ ಇದೆ. ಆ ಭಾಷೆ ನಮ್ಮ ಹುಡುಗರ ನಾಲಿಗೆಗೆ ಹತ್ತುವುದಿಲ್ಲ, ಹಾಗಾಗಿ ನನ್ನದೇ ಪ್ರತಿ ಬರೆದುಕೊಂಡೆ. ಹೆಸರು ಬದಲಿಸಲಿಲ್ಲ. ಸ್ಕಾಟ್ಲೆಂಡ್ ಸ್ಕಾಟ್ಲೆಂಡೇ. ಊರ ಹುಡುಗರು ಅವನನ್ನು ಮ್ಯಾಕಪ್ಪ ಮಾಡಿಕೊಂಡರು, ಅದು ಬೇರೆ ಮಾತು.

ಮೊದಲನೇ ಸಲ ಆಡಿಸಿದ್ದು ಹಾವೇರಿ ಕಡೆಯ ಒಂದು ಊರಲ್ಲಿ, ಮೂರ್ನಾಲ್ಕು ವರ್ಷದ ಹಿಂದೆ. ಮುಖ್ಯ ಪಾತ್ರಕ್ಕೆ ಆ ಊರಿನ ಪ್ರಸಿದ್ಧ ಖಳನಾಯಕನೇ ಬೇಕು ಅಂತ ಕಮಿಟಿಯವರು ಹಟ ಹಿಡಿದರು. ಅವನು ಕಾಡಿಗೆ ಹಚ್ಚಿಕೊಂಡು, ಮೀಸೆ ತಿರುವುತ್ತಾ ಬಂದ. ಮಾಟಗಾತಿಯರು "ನೀ ರಾಜ ಆಗ್ತಿ" ಅನ್ನುವ ಮೊದಲೇ ಅವನ ಕಣ್ಣು ಸಿಂಹಾಸನದ ಮೇಲಿತ್ತು. ಹತ್ತು ನಿಮಿಷದಲ್ಲಿ ಮಂದಿಗೆ ತೀರ್ಮಾನ ಆಯಿತು: ಇವನು ಕೆಟ್ಟವ. ಆಮೇಲೆ ನೋಡುವುದಕ್ಕೆ ಏನು ಉಳಿಯಿತು? ಕೆಟ್ಟವನು ಕೊಲೆ ಮಾಡಿದ, ಕೆಟ್ಟವನು ಸತ್ತ. ರಾಜನ ಕೊಲೆಯ ಹೊತ್ತಿಗೆ ಅರ್ಧ ಪೆಂಡಾಲು ಮಿರ್ಚಿ ಭಜಿ ಅಂಗಡಿ ಮುಂದೆ ನಿಂತಿತ್ತು. ಸೌಂಡಿನವರ ಬಾಕಿ, ಡ್ರೆಸ್ಸಿನವರ ಬಾಕಿ ಸೇರಿ ನನ್ನ ಕೈಯಿಂದ ಹದಿನೈದು ಸಾವಿರದ ಮೇಲೆ ಹೋಯಿತು. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಮಾರಿ ಮನೆಯಲ್ಲಿ ಇಟ್ಟಿದ್ದ ರೊಕ್ಕ ಅದು. ಮನೆಯವರು ಇವತ್ತಿಗೂ ಅದರ ಲೆಕ್ಕ ಕೇಳುತ್ತಾರೆ.

ಆ ಖಳನ ದನಿಯಲ್ಲಿ ಇನ್ನೊಂದು ತೊಂದರೆ ಇತ್ತು. ಅವನು ಆಡಿದ್ದು ದೊಡ್ಡಾಟದ, ಅಂದರೆ ನಮ್ಮ ಕಡೆಯ ಪುರಾಣದ ಬಯಲಾಟದ ದುರ್ಯೋಧನನನ್ನು. ನಮ್ಮ ಭಾಗದಲ್ಲಿ ಇದು ಆಗುವುದೇ. ಕುಮಾರವ್ಯಾಸ ಕೋಳಿವಾಡದವ, ಭಾರತ ಬರೆದದ್ದು ಗದಗಿನ ವೀರನಾರಾಯಣನ ಗುಡಿಯಲ್ಲಿ ಅಂತ ಜನ ಹೇಳುತ್ತಾರೆ. ಕೌರವ ನಮ್ಮ ಮಂದಿಯ ಕಿವಿಯಲ್ಲೇ ಇದ್ದಾನೆ. ಆದರೆ ಇಬ್ಬರೂ ಬೇರೆ. ದುರ್ಯೋಧನನಿಗೆ ರಾಜ್ಯ ತನ್ನದೇ ಅನ್ನುವ ನಂಬಿಕೆ. ತೊಡೆ ಮುರಿದು ಬಿದ್ದಾಗಲೂ ಅವನ ಛಲ ಮುರಿಯುವುದಿಲ್ಲ. ಮ್ಯಾಕ್‌ಬೆತ್‌ಗೆ ಕೊಲೆಗೆ ಮೊದಲೇ ಗೊತ್ತು, ತಾನು ಮಾಡುತ್ತಿರುವುದು ತಪ್ಪು ಅಂತ. ಡಂಕನ್ ತನ್ನ ನೆಂಟ, ತನ್ನ ರಾಜ, ಇವತ್ತು ತನ್ನ ಮನೆಗೆ ಬಂದ ಅತಿಥಿ. ಇದನ್ನೆಲ್ಲ ಅವನೇ ಒಂದೊಂದಾಗಿ ಎಣಿಸುತ್ತಾನೆ. ಕೊಲ್ಲಲು ತನಗಿರುವ ಕಾರಣ ಆಸೆ ಒಂದೇ ಅಂತಲೂ ಅವನೇ ಹೇಳುತ್ತಾನೆ. ಇಷ್ಟೆಲ್ಲ ಗೊತ್ತಿದ್ದೂ ಹೋಗುತ್ತಾನೆ. ಇದನ್ನು ಕೂಗಿ ಆಡಿದರೆ ಉಳಿಯುವುದಿಲ್ಲ.

ಈ ಸಲ ನಾನು ಮಾಡಿದ್ದು ಇದು: ಅವನು ರಾಜನಾಗಲಿ ಅಂತ ಮೊದಲು ಮಂದಿಗೇ ಅನ್ನಿಸಬೇಕು. ಕೊಲೆಯ ತನಕ ಒಂದೂವರೆ ತಾಸು ತೆಗೆದುಕೊಂಡೆ. ಶೇಕ್ಸ್‌ಪಿಯರನ ದುರಂತ ನಾಟಕಗಳಲ್ಲಿ ಇದೇ ಎಲ್ಲಕ್ಕಿಂತ ಚಿಕ್ಕದು. ಐದು ಅಂಕದಲ್ಲಿ ಎರಡನೆಯದರಲ್ಲೇ ರಾಜ ಸತ್ತಿರುತ್ತಾನೆ. ನಾನು ಆ ಮೊದಲ ಭಾಗವನ್ನು ಎಳೆದೆ, ಉಳಿದದ್ದನ್ನು ಓಡಿಸಿದೆ.

ಎಳೆಯಲು ನನಗೆ ಸಿಕ್ಕಿದ್ದು ಬಹಳ ಮಂದಿ ಕತ್ತರಿಸಿ ಹಾಕುವ ಒಂದು ಸಣ್ಣ ಪ್ರವೇಶ. ಮ್ಯಾಕ್‌ಬೆತ್ ಬಂಡಾಯಗಾರರನ್ನು ಹೊಡೆದು ರಾಜ್ಯ ಉಳಿಸಿಕೊಟ್ಟಿದ್ದಾನೆ. ಡಂಕನ್ ಅವನನ್ನು ಹೊಗಳುತ್ತಾನೆ, ಕಾಡರ್ ಸೀಮೆಯ ಬಿರುದು ಕೊಟ್ಟಿದ್ದಾನೆ. ಅದೇ ಸಭೆಯಲ್ಲಿ, ಅದೇ ಉಸಿರಿನಲ್ಲಿ, ನನ್ನ ನಂತರ ನನ್ನ ಮಗ ಮಾಲ್ಕಮ್ ಅಂತ ಸಾರುತ್ತಾನೆ. ಆ ಕಾಲದ ಸ್ಕಾಟ್ಲೆಂಡಿನಲ್ಲಿ ಅಪ್ಪನ ಪಟ್ಟ ಹಿರಿಮಗನಿಗೆ ತಾನಾಗಿ ಬರುತ್ತಿರಲಿಲ್ಲ, ಮನೆತನದ ಬೇರೆ ಕವಲಿಗೂ ಹಕ್ಕಿತ್ತು. ಇದನ್ನು ಸಭೆಯ ಮುದುಕನೊಬ್ಬನ ಬಾಯಲ್ಲಿ ಎರಡೇ ಮಾತಲ್ಲಿ ಹೇಳಿಸಿದೆ. ಮಾಲ್ಕಮ್‌ಗೆ ಶಾಲು, ಪೇಟ, ಹಾರ, ಎಲ್ಲಾ ನಿಧಾನವಾಗಿ. ಮ್ಯಾಕ್‌ಬೆತ್ ಪಕ್ಕದಲ್ಲಿ ಗಾಯದ ಬಟ್ಟೆ ಕಟ್ಟಿಕೊಂಡು ನಿಂತಿದ್ದಾನೆ. ಅವನಿಗೆ ಮಾತೇ ಕೊಡಲಿಲ್ಲ. ಮುಜುರೆ ಮಾಡಿ ಹಿಂದೆ ಸರಿಯುತ್ತಾನೆ ಅಷ್ಟೇ. ಪೆಂಡಾಲಿನಿಂದ ದನಿ ಬಂತು: "ದುಡದಾಂವ ಇಂವಾ, ಉಣ್ಣಾಂವ ಅಂವಾ!" ನನಗೆ ಬೇಕಾದದ್ದು ಅದೇ.

ಪಾತ್ರಕ್ಕೆ ಈ ಸಲ ಹಾಕಿದ್ದು ಟ್ರ್ಯಾಕ್ಟರ್ ಬಾಡಿಗೆಗೆ ಹೊಡೆಯುವ ಒಬ್ಬ ಮೆತ್ತಗಿನ ಮನುಷ್ಯನನ್ನು. ಪಂಚಾಯ್ತಿಗೆ ನಿಂತು ಸೋತವನು. ಅದನ್ನು ನಾನು ಎತ್ತಲಿಲ್ಲ, ಅವನೇ ಎಲ್ಲೋ ನೆನಪು ಮಾಡಿಕೊಂಡ ಅಂತ ಕಾಣುತ್ತೆ.

ಮಾಟಗಾತಿಯರದ್ದು ದೊಡ್ಡ ರಗಳೆ. ಮೊದಲನೇ ಸಲ ಹೊಗೆ ಯಂತ್ರ ಬಾಡಿಗೆಗೆ ತಂದು, ಕರಿ ಬಟ್ಟೆ ಹೊಲಿಸಿ, ಹಲ್ಲು ಕಟ್ಟಿಸಿ ಕುಣಿಸಿದ್ದೆವು. ನಾಯಿಗಳು ಬೊಗಳಿದವು, ಮಂದಿ ನಕ್ಕರು. ಈ ಸಲ ಹೊಗೆ ಇಲ್ಲ, ಕುಣಿತ ಇಲ್ಲ. ದಾರಿ ಬದಿಯಲ್ಲಿ ಕಟ್ಟಿಗೆ ಹೊರೆ ಇಳಿಸಿ ಕೂತ ಮೂವರು ಮುದುಕಿಯರು. ಸಣ್ಣಾಟದಲ್ಲಿ ಹೆಣ್ಣು ಪಾತ್ರ ಮಾಡಿದ ಹಳೇ ಗಂಡಸರನ್ನೇ ಹಾಕಿದೆ. ಅವರು ಮೂರು ಹೆಸರಿನಿಂದ ಅವನನ್ನು ಕರೆಯುತ್ತಾರೆ, ಸುಮ್ಮನಾಗುತ್ತಾರೆ. ಕೊಲ್ಲು ಅಂತ ಅವರೆಲ್ಲೂ ಹೇಳುವುದಿಲ್ಲ. ಮೂಲದಲ್ಲೂ ಇಲ್ಲ, ನೋಡಿ ಬೇಕಾದರೆ. ಅವರಿಗೆ ಜಾಸ್ತಿ ಮಾತು ಕೊಟ್ಟರೆ ತಪ್ಪೆಲ್ಲ ಅವರ ತಲೆಗೆ ಹೋಗುತ್ತದೆ, ನಾಯಕ ಪಾರಾಗಿಬಿಡುತ್ತಾನೆ.

ಲೇಡಿ ಮ್ಯಾಕ್‌ಬೆತ್‌ಗೆ ಗದಗಿನಿಂದ ಕಲಾವಿದೆ ಬಂದರು. ನಾಟಕ ಕಂಪನಿಗಳಲ್ಲಿ ಪಳಗಿದವರು, ಎಂಟು ಸಾವಿರ ತೆಗೆದುಕೊಂಡರು, ಎಂಟೂ ಸಾವಿರ ದುಡಿದರು. ನಾನು ರಾಕ್ಷಸಿ ಥರ ಹೇಳಿಕೊಡಲು ಹೋದರೆ ಅವರೇ ತಡೆದರು. "ಮಾಸ್ತರ್ರೀ, ಈಕಿ ಗಂಡಗ ಧೈರ್ಯಾ ಹೇಳೋ ಹೆಂಡ್ತಿ. ಹಂಗ ಬಿಡ್ರಿ ನನ್ನ." ಮಲಗಿದ ರಾಜ ತನ್ನ ಅಪ್ಪನ ಹಾಗೆ ಕಂಡ, ಇಲ್ಲದಿದ್ದರೆ ತಾನೇ ಕೊಲ್ಲುತ್ತಿದ್ದೆ ಅನ್ನುವ ಮಾತಿದೆಯಲ್ಲ, ಅಲ್ಲಿ ಅವರು ದನಿ ಇಳಿಸಿದ ರೀತಿಗೆ ತಬಲಾದವನೂ ಕೈ ಎತ್ತಿ ಕೂತ.

ಈಗ ಆಯೇರಿ ವಿಚಾರ, ಅಂದರೆ ಆಟದ ನಡುವೆ ಮಂದಿ ಕೊಡುವ ಕಾಣಿಕೆ ರೊಕ್ಕ. ನಿಮಗೆಲ್ಲ ಇದರ ಕಾಟ ಗೊತ್ತು. ನಾಯಕ ಅಳುತ್ತಿರುವಾಗ ಮೈಕಿನಲ್ಲಿ "ಇಂಥವರಿಂದ ಐನೂರಾ ಒಂದು ರೂಪಾಯಿ" ಅಂತ ಬರುತ್ತದೆ, ಸೀನು ಸತ್ತಿತು. ನಿಲ್ಲಿಸಿದರೆ ಕಮಿಟಿ ಒಪ್ಪುವುದಿಲ್ಲ, ಅವರ ಖರ್ಚು ಹೊರಡುವುದು ಅದರಿಂದಲೇ. ನಾನು ಒಂದು ಪ್ರವೇಶ ಹೊಸದಾಗಿ ಸೇರಿಸಿದೆ: ಪಟ್ಟಾಭಿಷೇಕ. ಮೂಲದಲ್ಲಿ ಅದು ರಂಗದ ಮೇಲೆ ನಡೆಯುವುದಿಲ್ಲ, ಪಟ್ಟ ಕಟ್ಟುವ ಸ್ಕೋನ್ ಊರಿಗೆ ಹೋದ ಅನ್ನುವ ಸುದ್ದಿ ಮಾತ್ರ. ನಾನು ನಡೆಸಿದೆ, ಎಲ್ಲ ಆಯೇರಿಯನ್ನೂ ಅಲ್ಲಿಗೇ ತಂದು ಹಾಕಿದೆ. ಕೊಡುವವರು ರಂಗದ ಮೇಲೆ ಬಂದು, ಹೊಸ ರಾಜನಿಗೆ ಹಾರ ಹಾಕಿ, ಕೈಗೆ ಕೊಡಬೇಕು. ಆಮೇಲೆ ಕೊನೆಯ ತನಕ ಒಂದು ರೂಪಾಯಿಯೂ ಇಲ್ಲ. ಊರ ಹಿರಿಯರು, ಸೊಸೈಟಿಯವರು, ಹುಡುಗರ ಗುಂಪು, ಎಲ್ಲಾ ಸಾಲುಗಟ್ಟಿ ಬಂದರು. ಇಪ್ಪತ್ತೆಂಟು ಸಾವಿರದ ಹತ್ತಿರ ಕೂಡಿತು. ಕೊಲೆಗಾರ ಅಂತ ಗೊತ್ತಿದ್ದೂ ಹಾರ ಹಾಕಿದರು! ಮುಂದೆ ಅವನು ತನ್ನ ವಿರುದ್ಧ ನಿಂತ ಸರದಾರ ಮ್ಯಾಕ್‌ಡಫ್‌ನ ಹೆಂಡತಿ ಮಕ್ಕಳನ್ನು ಕೊಲ್ಲಿಸಿದಾಗ, ಸಾವಿರ ರೂಪಾಯಿ ಕೊಟ್ಟವರೊಬ್ಬರು ಎದ್ದು ನಿಂತರು: "ಲೇ, ನನ್ನ ಆಯೇರಿ ತಿರುಗಿ ಕೊಡಲೇ!" ನಕ್ಕವರು ಕಡಿಮೆ.

ಕಿರೀಟ ತಲೆಗೆ ಬಂದ ಮೇಲೆ ಆಸೆ ಆಡಿಸಬೇಡಿ. ಹೆದರಿಕೆ ಆಡಿಸಿ. ಇದೊಂದು ಹಿಡಿದರೆ ಎರಡನೇ ಭಾಗ ತಾನಾಗಿ ನಡೆಯುತ್ತದೆ. ಡಂಕನ್‌ನನ್ನು ಕೊಂದದ್ದು ಕುರ್ಚಿ ಸಿಗಲಿ ಅಂತ. ಜೊತೆಗಾರ ಸರದಾರ ಬ್ಯಾಂಕೋನನ್ನು ಕೊಲ್ಲಿಸುವುದು ಕುರ್ಚಿ ಹೋಗಬಾರದು ಅಂತ, ಯಾಕೆಂದರೆ ಬ್ಯಾಂಕೋನ ವಂಶ ಆಳುತ್ತದೆ ಅನ್ನುವ ಮಾಟಗಾತಿಯರ ಮಾತಿದೆ. ಮ್ಯಾಕ್‌ಡಫ್‌ನ ಮಕ್ಕಳನ್ನು ಕೊಲ್ಲಿಸುವುದರಿಂದ ಅವನಿಗೆ ಏನೂ ಸಿಗುವುದಿಲ್ಲ. ಮೊದಲ ಕೊಲೆಗೆ ರಾತ್ರಿಯಿಡೀ ಒದ್ದಾಡಿದವನು ಮೂರನೆಯದಕ್ಕೆ ಯೋಚನೆಯನ್ನೂ ಮಾಡುವುದಿಲ್ಲ. ದನಿಯನ್ನೂ ಹಾಗೇ ಏರಿಸಿದೆ. ರಾಜನಾಗುವ ತನಕ ಮೆಲ್ಲಗೆ, ಆದ ಮೇಲೆ ಕೂಗು. ಕೂಗಿದಾಗೆಲ್ಲ ಸೇವಕರು ಒಂದು ಹೆಜ್ಜೆ ಹಿಂದೆ ಹೋಗಬೇಕು. ಹೆಂಡತಿಗೂ ಏನೂ ಹೇಳುವುದಿಲ್ಲ ಈಗ. ಕೊಲೆಗೆ ಮೊದಲು ಇಬ್ಬರೂ ಒಂದೇ ಹೊರಸಿನ ಮೇಲೆ ಕೂರುತ್ತಿದ್ದರು. ಆಮೇಲೆ ಎರಡು ಕುರ್ಚಿ, ಪ್ರತಿ ಪ್ರವೇಶಕ್ಕೂ ಒಂದು ಮೊಳ ದೂರ. ಯಾರಿಗೂ ಹೇಳಿರಲಿಲ್ಲ, ಮುಂದೆ ಕೂತ ಅಜ್ಜಿಯೊಬ್ಬರು ಕಂಡುಹಿಡಿದರು.

ಬ್ಯಾಂಕೋನ ದೆವ್ವ ಮೊದಲನೇ ಸಲ ಪೌಡರ್ ಬಳಿದುಕೊಂಡು ಬಂದಿತ್ತು. "ಏ, ಬಸ್ಯಾ ಎದ್ದು ಬಂದಾನ ನೋಡಲೇ!" ಅಂತ ಗುರುತು ಹಿಡಿದರು, ಮುಗಿಯಿತು. ಈ ಸಲ ಪಂಕ್ತಿ ಊಟ ಹಾಕಿಸಿದೆ. ಎಲ್ಲರ ಮುಂದೆ ಎಲೆ, ಒಂದು ಎಲೆಯ ಮುಂದೆ ಯಾರಿಲ್ಲ. ಮ್ಯಾಕ್‌ಬೆತ್‌ಗೆ ಮಾತ್ರ ಆ ಜಾಗ ತುಂಬಿದೆ. ಬಡಿಸುವವನು ಆ ಎಲೆಗೂ ಬಡಿಸುತ್ತಾ ಹೋಗುತ್ತಾನೆ. ಖರ್ಚು ಒಂದು ಪೈಸೆ ಇಲ್ಲ.

ಹಾರ್ಮೋನಿಯಂ ಮಾಸ್ತರು ಸಂಗೀತ ಕಲಿಸುವ ಗದಗಿನ ಪುಣ್ಯಾಶ್ರಮದಲ್ಲಿ ಕಲಿತವರು, ಒಳ್ಳೇ ಕೈ. ಹೆಂಡತಿ ಸತ್ತ ಸುದ್ದಿ ಬಂದಾಗ ನಾಯಕನಿಗೆ ಜೋಗಿಯಾ ರಾಗದಲ್ಲಿ ಒಂದು ಹಾಡು ಬೇಕೇ ಬೇಕು ಅಂದರು. ಒಂದು ಆಟದಲ್ಲಿ ಹಾಡಿಸಿ ನೋಡಿದೆವು. ಎಷ್ಟು ಚೆನ್ನಾಗಿ ಆಯಿತು ಅಂದರೆ ಮಂದಿ ಒನ್ಸ್ ಮೋರ್ ಕೂಗಿದರು. ಹೆಂಡತಿ ಎರಡು ಸಲ ಸತ್ತಂತಾಯಿತು. ಹಾಡು ತೆಗೆದೆ. ಹಾಸ್ಯಕ್ಕೆ ಬೇರೆ ಹುಡುಕಬೇಡಿ, ಕೊಲೆ ಆದ ಕೂಡಲೇ ಬಾಗಿಲು ಬಡಿತಕ್ಕೆ ಕುಡಿದ ಕಾವಲುಗಾರ ಬರುತ್ತಾನೆ. ಮೂಲದಲ್ಲೇ ಇರುವ ಪಾತ್ರ. ನಮ್ಮ ಹಾಸ್ಯದವನು ಹತ್ತು ನಿಮಿಷ ಎಳೆದ, ಬಿಟ್ಟೆ.

ಮಾಟಗಾತಿಯರ ಇನ್ನೊಂದು ಭವಿಷ್ಯದ ಮಾತು ಬೇರೆ ಕಡೆ ಆಡಿದಾಗ ಕೈ ಕೊಟ್ಟಿತ್ತು. ಹೆಣ್ಣು ಹೆತ್ತ ಯಾರಿಂದಲೂ ಅವನಿಗೆ ಸಾವಿಲ್ಲ, ಆದರೆ ಕೊನೆಗೆ ಅವನನ್ನು ಕೊಲ್ಲುವ ಮ್ಯಾಕ್‌ಡಫ್ ಹೊಟ್ಟೆ ಕೊಯ್ದು ತೆಗೆದ ಕೂಸು. ಇದನ್ನು ಹೇಳಿದ್ದೇ ತಡ, ಒಬ್ಬ ಕೂಗಿದ: "ಹಂಗಾದ್ರ ನಮ್ಮೂರಾಗ ಅರ್ಧಾ ಮಂದಿ ಹುಟ್ಟೇ ಇಲ್ಲ ಬಿಡ್ರಿ!" ಸಿಜೇರಿಯನ್ ಕಾಲ, ತಪ್ಪು ಅವನದಲ್ಲ. ಸತ್ತ ತಾಯಿಯ ಹೊಟ್ಟೆಯಿಂದ ತೆಗೆದದ್ದು ಅಂತ ಬದಲಿಸಿದೆ, ಸರಿಹೋಯಿತು.

ಒಂದು ಪ್ರಯೋಗ ತಾಲೀಮಿನಲ್ಲೇ ಬಿಟ್ಟೆ. ಇತಿಹಾಸದ ಮ್ಯಾಕ್‌ಬೆತ್ 1040ರಿಂದ 1057ರ ತನಕ ಆಳಿದವನು. ಡಂಕನ್ ಸತ್ತದ್ದೂ ಯುದ್ಧದಲ್ಲಿ, ಹಾಸಿಗೆಯಲ್ಲಲ್ಲ. ಶೇಕ್ಸ್‌ಪಿಯರ್ ಕತೆ ತೆಗೆದುಕೊಂಡದ್ದು ಹಾಲಿನ್‌ಶೆಡ್ ಅನ್ನುವ ಇಂಗ್ಲಿಷ್ ಚರಿತ್ರೆಕಾರನ ಪುಸ್ತಕದಿಂದ. ಅದರಲ್ಲಿ ಬ್ಯಾಂಕೋ ಕೊಲೆಗೆ ಪಾಲುದಾರ. ನಾಟಕ ಬಂದದ್ದು 1606ರ ಸುಮಾರಿಗೆ. ಆಗ ಇಂಗ್ಲೆಂಡಿನ ಸಿಂಹಾಸನದಲ್ಲಿದ್ದ ಜೇಮ್ಸ್ ತಾನು ಬ್ಯಾಂಕೋನ ವಂಶದವನು ಅನ್ನುತ್ತಿದ್ದ. ಹಾಗಾಗಿ ಬ್ಯಾಂಕೋ ಒಳ್ಳೆಯವನಾದ. ನಾನು ಅವನನ್ನು ಮತ್ತೆ ಪಾಲುದಾರ ಮಾಡಿ ನೋಡಿದೆ. ಕೂಡಲೇ ಇದು ಇಬ್ಬರು ಕಳ್ಳರ ಜಗಳ ಆಯಿತು. ನಾಯಕನ ಒಂಟಿತನವೇ ಹೋಯಿತು. ಜೇಮ್ಸ್‌ಗೆ ಹೆದರಿ ಮಾಡಿದ್ದೋ ಏನೋ, ಶೇಕ್ಸ್‌ಪಿಯರ್ ಮಾಡಿದ್ದೇ ಸರಿ.

ರೊಕ್ಕದ ಲೆಕ್ಕ, ನೆನಪಿದ್ದಷ್ಟು: ಸ್ಟೇಜು, ಸೌಂಡು, ಲೈಟು ಸೇರಿ ನಲವತ್ತು ಸಾವಿರದ ಆಸುಪಾಸು. ಹುಬ್ಬಳ್ಳಿಯಿಂದ ಡ್ರೆಸ್ಸು ಒಂಬತ್ತು ಸಾವಿರ. ಕಲಾವಿದೆಯರು ಇಬ್ಬರು, ಹದಿನಾಲ್ಕು. ಹಾರ್ಮೋನಿಯಂ, ತಬಲಾ, ಮೇಕಪ್ಪು ಹನ್ನೊಂದೋ ಹನ್ನೆರಡೋ. ತಾಲೀಮಿನ ಚಾ, ಮಂಡಕ್ಕಿ, ಮೇಲಿನ ಓಡಾಟ ಇನ್ನೊಂದು ಹತ್ತು. ಊರಲ್ಲಿ ಪಟ್ಟಿ, ಅಂದರೆ ಚಂದಾ ಎತ್ತಿದ್ದು ಅರವತ್ತರ ಮೇಲೆ. ಆಯೇರಿ ಸೇರಿ ಖರ್ಚು ಹೊರಟು, ನನ್ನ ಸಂಬಳವೂ ಬಂತು. ಮೊದಲನೇ ಸಲದ ಮೆಣಸಿನಕಾಯಿ ರೊಕ್ಕ ಇನ್ನೂ ಬಂದಿಲ್ಲ.

ಲೇಡಿ ಮ್ಯಾಕ್‌ಬೆತ್ ನಿದ್ದೆಯಲ್ಲಿ ನಡೆಯುತ್ತಾ ರಕ್ತದ ಕೈ ತೊಳೆಯುವ ಪ್ರವೇಶಕ್ಕೆ ಮೋಂಬತ್ತಿ, ಉದ್ದ ಗೌನು ಬೇಡ, ಹುಡುಗರು ಸೀಟಿ ಹೊಡೆಯುತ್ತಾರೆ. ಮಾಸಿದ ಸೀರೆ, ಒಂದು ತಂಬಿಗೆ ನೀರು, ಕೆಳಗೆ ಬಕೆಟ್, ಬಕೆಟ್ ಪಕ್ಕ ಮೈಕು. ನೀರು ಬೀಳುವ ಸದ್ದು ಸಾಕು. ತೊಳೆದಷ್ಟೂ ಕೈ ಕೆಂಪಾಗುತ್ತಾ ಹೋದದ್ದು ಹೇಗೆ ಅಂತ ಎಲ್ಲರೂ ಕೇಳಿದರು. ಬಣ್ಣದ ಅಂಗಡಿಯಲ್ಲಿ ಸಿಗುವುದಲ್ಲ, ಅಷ್ಟು ಹೇಳುತ್ತೇನೆ. ಬರ್ನಂ ಕಾಡು ನಡೆದು ಬರುವ ತನಕ ಅವನಿಗೆ ಸೋಲಿಲ್ಲ ಅನ್ನುವ ಭವಿಷ್ಯ ಇದೆಯಲ್ಲ, ಆ ಕಾಡು ಪೆಂಡಾಲಿನ ಹಿಂದಿನಿಂದ ಮಂದಿಯ ನಡುವೆ ನಡೆದು ಬಂದದ್ದೂ ಅಷ್ಟೇ, ಅದು ನನ್ನ ಹತ್ತಿರವೇ ಇರಲಿ. ಮುಂದಿನ ಆಟ ಹಾನಗಲ್ ಕಡೆ ಆಡಬೇಕು ಅಂತ ಮಾತು ನಡೆದಿದೆ. ಶೇಷಗಿರಿಯಂಥ ಊರಿರುವ ತಾಲೂಕು, ಅಲ್ಲಿನ ಮಂದಿ ನಾಟಕ ಕಂಡವರು, ಸುಮ್ನೆ ಬಿಡುವುದಿಲ್ಲ. ಪ್ರತಿ ಬೇಕಾದವರು ಜೆರಾಕ್ಸ್ ಖರ್ಚು ಕೊಟ್ಟು ಒಯ್ಯಬಹುದು. ಪಟ್ಟಾಭಿಷೇಕದ ಪ್ರವೇಶ ಹಾಕುವುದಾದರೆ ಕಮಿಟಿ ಹತ್ತಿರ ಆಯೇರಿಯ ಕರಾರು ಮೊದಲೇ ಮಾಡಿಕೊಳ್ಳಿ.